ಧರಣಿಯ ಶೆಡ್ಡಿನಲ್ಲಿ ಹಾಡು ನಿಂತ ದಿನ

ಪಲ್ಲಡಂ ದಾಟಿ ಧಾರಾಪುರಂ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಎಡಗಡೆಗೆ ಒಂದು ಮಣ್ಣುದಾರಿ ಇಳಿಯುತ್ತದೆ. ಅದರ ಕೊನೆಯಲ್ಲಿ ತಿರುಮೂರ್ತಿಯ ಮನೆಯವರು ಹನ್ನೆರಡು ವರ್ಷ ಕೋಳಿ ಸಾಕಿದ ಶೆಡ್ಡು ಇದೆ. ಕೋಳಿ ಕಂಪನಿ ಮರಿ ಕೊಡುವುದನ್ನು ನಿಲ್ಲಿಸಿದ ಮೇಲೆ ಎರಡು ವರ್ಷ ಅದು ಸುಮ್ಮನೆ ಬಿದ್ದಿತ್ತು. ಅಲ್ಲಿ ಹೊಲಿಗೆ ಯೂನಿಟ್ ಹಾಕ್ತೀನಿ ಎಂದು ಹೆಂಡತಿ ಧರಣಿ ಹೇಳಿದಾಗ ತಿರುಮೂರ್ತಿ ಕೇಳಿದ್ದು ಒಂದೇ ಮಾತು: "ವಾಸನೆ ಹೋಗುತ್ತಾ?"

ಮೂರು ಸಲ ಸುಣ್ಣ ಹೊಡೆದು, ನೆಲಕ್ಕೆ ಸಿಮೆಂಟು ಹಾಕಿ, ತಂತಿಜಾಲರಿಯ ತುಂಬ ಹಸಿರು ಬಟ್ಟೆ ಕಟ್ಟಿದ ಮೇಲೆ ವಾಸನೆ ಹೋಯಿತು. ಆರು ಹೊಲಿಗೆ ಮಿಷನ್ನು ಬಂದವು. ಏಳನೆಯದಾಗಿ ಧರಣಿ ತಂದದ್ದು ಒಂದು ಕರಿ ಸ್ಪೀಕರು, ಮೊಣಕಾಲೆತ್ತರದ್ದು. ಅದನ್ನು ನಡುಗಂಬಕ್ಕೆ ಹಗ್ಗದಿಂದ ಬಿಗಿದು ಕಟ್ಟಿದಳು.

ಧರಣಿ ತಿರುಪ್ಪೂರಿನ ಒಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಹದಿಮೂರು ವರ್ಷ ದುಡಿದವಳು. ದಾರ ಕತ್ತರಿಸುವ ಕೆಲಸಕ್ಕೆ ಸೇರಿ, ಟೈಲರ್ ಆಗಿ, ಕೊನೆಯ ನಾಲ್ಕು ವರ್ಷ ಲೈನ್ ಸೂಪರ್‌ವೈಸರ್ ಆಗಿದ್ದಳು. ಆ ಕಂಪನಿಯ ಸೀಲಿಂಗಿನಲ್ಲಿ ಎಂಟು ಸ್ಪೀಕರುಗಳಿದ್ದವು. ಯಾವ ಹಾಡು ಯಾವಾಗ ಹಾಕಬೇಕು ಎನ್ನುವುದನ್ನು ಮ್ಯಾನೇಜರ್ ಭೂಪತಿ ಅವಳಿಗೆ ವಹಿಸಿದ್ದ. ಅವಳು ಅದನ್ನು ಆಟವೆಂದುಕೊಳ್ಳಲಿಲ್ಲ. ಬೆಳಿಗ್ಗೆ ಹತ್ತರವರೆಗೆ ದೇವರ ಹಾಡು, ಆಮೇಲೆ ಮೆಲೊಡಿ. ಊಟವಾಗಿ ಕಣ್ಣೆಳೆಯುವ ಹೊತ್ತಿಗೆ, ಎರಡೂವರೆಯಿಂದ ನಾಲ್ಕರವರೆಗೆ, ತಮಟೆ ಬಡಿತ ಜೋರಾಗಿರುವ ಕುಣಿಯುವ ಹಾಡುಗಳು. ಹಾಗೆ ಹಾಕಿದ ದಿನ ಗಂಟೆಗೆ ಹನ್ನೆರಡು ಪೀಸು ಜಾಸ್ತಿ ಬರುವುದನ್ನು ಮೊದಲು ಗಮನಿಸಿದವಳು ಅವಳೇ. ಭೂಪತಿ ಅದನ್ನು ಬೋರ್ಡಿನ ಮೇಲೆ ಬರೆದು, "ಇದು ಧರಣಿ ಕಂಡುಹಿಡಿದದ್ದು" ಎಂದು ಎಲ್ಲರ ಎದುರು ಹೇಳಿದ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ಸೀಟು ಸಿಗದಿದ್ದರೂ ಕಾಲು ನೋಯಲಿಲ್ಲ.

ಕಂಪನಿ ತನ್ನ ಅರ್ಧ ಲೈನುಗಳನ್ನು ಬೇರೆ ಜಿಲ್ಲೆಗೆ ಸಾಗಿಸಿದಾಗ ಧರಣಿ ಹೋಗಲಿಲ್ಲ. ತನ್ನದೇ ಯೂನಿಟ್ ಮಾಡುವ ಯೋಚನೆ ಅವಳಿಗೆ ಎಷ್ಟೋ ದಿನದಿಂದ ಇತ್ತು. ಅವಳ ಜೊತೆ ಬಂದವಳು ಮಲ್ಲಿಗಾ.

ಮಲ್ಲಿಗಾ ಓವರ್‌ಲಾಕ್ ಮಿಷನ್ನಿನ ಟೈಲರ್. ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ಹೊಲಿಯುವ ಆ ಮಿಷನ್ನಿನಲ್ಲಿ ಅವಳಷ್ಟು ನೇರವಾಗಿ ಹೊಲಿಯುವವರು ಆ ಕಂಪನಿಯಲ್ಲಿ ಇರಲಿಲ್ಲ. ಇಬ್ಬರ ಗೆಳೆತನ ಶುರುವಾದದ್ದು ಮಾತಿನಿಂದ. ಒಮ್ಮೆ ದಾರ ಮೂರನೇ ಸಲ ತುಂಡಾದಾಗ ಮಲ್ಲಿಗಾ ಹಲ್ಲು ಕಚ್ಚಿ, "ನಿನ್ ಮನೆ ಹಾಳಾಗ" ಎಂದಿದ್ದಳು, ಕನ್ನಡದಲ್ಲಿ. ಹಿಂದೆ ನಿಂತಿದ್ದ ಧರಣಿ ನಕ್ಕುಬಿಟ್ಟಳು. ಅವಳ ಮನೆಯಲ್ಲೂ ಅದೇ ಮಾತು, ತಮಿಳಿನ ಎಳೆತವಿರುವ ಅದೇ ಕನ್ನಡ. ಇಬ್ಬರಿಗೂ ಕನ್ನಡದ ಅಕ್ಷರ ಓದಲು ಬಾರದು. ಆದರೆ ಅಂದಿನಿಂದ ಲೈನಿನಲ್ಲಿ ಇವರಿಬ್ಬರು ಏನು ಮಾತಾಡಿಕೊಂಡರೂ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಸ ಯೂನಿಟ್ಟಿನ ಮೊದಲ ತಿಂಗಳು ಧರಣಿಗೆ ಹೆದರಿಕೆಯಿತ್ತು. ಬೆಳಿಗ್ಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಶೆಡ್ಡಿಗೆ ಬಂದು, ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಒಂದು ಸಿನಿಮಾ ಹಾಡು ಹಾಕುತ್ತಿದ್ದಳು. ಸೈಕಲ್ ತುಳಿಯುವ ನಾಯಕ ಹಾಡು ಮುಗಿಯುವುದರೊಳಗೆ ಕಾರಿನಿಂದ ಇಳಿಯುತ್ತಾನೆ, ಅಂಥ ಹಾಡು. ಮೊದಲ ಚರಣದಲ್ಲಿ ಅವನಿಗೊಂದು ಅಂಗಡಿ, ಎರಡನೆಯದರಲ್ಲಿ ಫ್ಯಾಕ್ಟರಿ, ಕೊನೆಗೆ ಊರವರೆಲ್ಲ ಕೈಮುಗಿಯುತ್ತಾರೆ. ಸುಳ್ಳೆಂದು ಅವಳಿಗೆ ಗೊತ್ತಿತ್ತು. ಆದರೂ ಆ ನಾಲ್ಕು ನಿಮಿಷ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ದಿನ ತಿರುಮೂರ್ತಿ ಟಾರ್ಪಾಲು ತೆಗೆದುಕೊಳ್ಳಲು ಬಂದವನು ಅದನ್ನು ನೋಡಿದ. ಅವಳು ನಾಚಿ ಆರಿಸಲು ಹೋದಳು.

"ಇರ್ಲಿ ಬಿಡು," ಎಂದ ಅವನು. "ಕೋಳಿ ಹಾಕಿದ್ ಹೊಸ್ದಲ್ಲಿ ನಾನೂ ವ್ಯಾನಲ್ಲಿ ಇದೇ ಥರ ಹಾಡ್ ಹಾಕ್ಕೊಂಡು ಓಡಾಡ್ತಿದ್ದೆ. ಕೋಳಿಗೇನೂ ಗೊತ್ತಾಗ್ಲಿಲ್ಲ."

ಜಾಬ್‌ವರ್ಕ್ ಕೊಡುವ ಸರವಣಕುಮಾರ್ ಮೊದಲ ದೊಡ್ಡ ಕೆಲಸ ಕೊಟ್ಟದ್ದು ಆ ತಿಂಗಳ ಕೊನೆಗೆ. ಅವನು ತಿರುಪ್ಪೂರಿನ ರಫ್ತುದಾರರಿಂದ ಕತ್ತರಿಸಿದ ಬಟ್ಟೆ ತಂದು ಸಣ್ಣ ಯೂನಿಟ್ಟುಗಳಿಗೆ ಹಂಚುವವನು. ನಾಲ್ಕು ಸಾವಿರ ಜಬಲಾ, ಆರು ತಿಂಗಳ ಕೂಸುಗಳ ತೆಳು ಅಂಗಿ, ಒಂಬತ್ತು ದಿನದಲ್ಲಿ. ಧರಣಿ ಬೆರಳು ಮಡಚಿ ಲೆಕ್ಕ ಹಾಕಿದಳು. ಆರು ಜನಕ್ಕೆ ಹನ್ನೊಂದು ದಿನದ ಕೆಲಸ ಅದು. ಆದರೆ ಹನ್ನೊಂದು ಎಂದರೆ ಕೆಲಸ ಬೇರೆಯವರ ಪಾಲಾಗುತ್ತದೆ. "ಆಗುತ್ತೆ ಅಣ್ಣಾ" ಎಂದಳು. ಕಡಿಮೆ ಬೀಳುವ ಎರಡು ದಿನವನ್ನು ಹಾಡಿನಿಂದ ತುಂಬಿಕೊಳ್ಳಬಹುದು ಎಂದು ಅವಳ ಮನಸ್ಸಿನಲ್ಲಿ ಇತ್ತು.

ಮೂರು ದಿನ ಎಲ್ಲ ಸರಿಯಾಗಿಯೇ ನಡೆಯಿತು. ನಾಲ್ಕನೆಯ ದಿನ ಹಿಂದೆ ಬಿದ್ದದ್ದು ತಿಳಿದಾಗ ಧರಣಿ ಬೆಳಗಿನ ದೇವರ ಹಾಡನ್ನು ಬಿಟ್ಟು ನೇರ ಕುಣಿಯುವ ಹಾಡಿಗೆ ಹೋದಳು. ಐದನೆಯ ದಿನ ಫೋನಿನಲ್ಲಿ ಹಾಡಿನ ವೇಗವನ್ನೇ ಸ್ವಲ್ಪ ಹೆಚ್ಚಿಸಿದಳು. ಕೇಳಿದರೆ ಗೊತ್ತಾಗದಷ್ಟು ಹೆಚ್ಚು. ಕಾಜಾ ಹಾಕುತ್ತಿದ್ದ ಗೋಮತಿ ಮಾತ್ರ, "ಏನಕ್ಕಾ, ಇವತ್ತು ಈ ಹಾಡ್ಗಾರ ಬಸ್ ಹಿಡಿಯೋಕ್ ಹೊರ್ಟಂಗಿದೆ" ಎಂದು ನಗಿಸಿದಳು. ಪೀಸುಗಳು ಹೆಚ್ಚಾದವು.

ಆರನೆಯ ದಿನ ಮೂರು ಗಂಟೆ ಹೊತ್ತಿಗೆ ಮಲ್ಲಿಗಾಳ ಮಿಷನ್ನು ಟಕ್ ಎಂದು ನಿಂತಿತು. ಅವಳು ಎಡಗೈಯನ್ನು ಎತ್ತಿ ಹಿಡಿದು ನೋಡುತ್ತ ಕುಳಿತಿದ್ದಳು. ತೋರುಬೆರಳಿನ ಉಗುರಿನ ನಡುವೆ ಸೂಜಿ ಹೊಕ್ಕು ಮುರಿದಿತ್ತು. ಸ್ಪೀಕರಿನಲ್ಲಿ ತಮಟೆ ಬಡಿಯುತ್ತಲೇ ಇತ್ತು. ಅದನ್ನು ಆರಿಸಬೇಕು ಎಂದು ಒಂದು ನಿಮಿಷ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಗೋಮತಿ ಎದ್ದು ಪ್ಲಗ್ಗನ್ನೇ ಕಿತ್ತಳು.

ತಿರುಮೂರ್ತಿ ಮಲ್ಲಿಗಾಳನ್ನು ಬೈಕಿನಲ್ಲಿ ಪಲ್ಲಡಂ ಆಸ್ಪತ್ರೆಗೆ ಕರೆದುಕೊಂಡು ಹೋದ. ಗೋಮತಿ ಹಿಂದೆ ಕುಳಿತು ಅವಳನ್ನು ಹಿಡಿದುಕೊಂಡಳು. ಧರಣಿಗೆ ಹೋಗಲಾಗಲಿಲ್ಲ. ಕೂಸುಗಳ ಬಟ್ಟೆ ಹೊಲಿಯುವ ಕಡೆ ಒಂದು ಕಟ್ಟುನಿಟ್ಟು ಇದೆ: ಸೂಜಿ ಮುರಿದರೆ ಅದರ ಎಲ್ಲ ಚೂರುಗಳೂ ಸಿಗಬೇಕು, ಸಿಗುವ ತನಕ ಒಂದು ಪೀಸೂ ಹೊರಗೆ ಹೋಗುವಂತಿಲ್ಲ. ಯಾವುದೋ ದೇಶದ ಯಾವುದೋ ಕೂಸಿನ ಕತ್ತಿನ ಬಳಿ ಆ ಚೂರು ಇರಬಹುದು. ಧರಣಿ ಸೂಜಿಯ ಬುಡವನ್ನು ಮಿಷನ್ನಿನಲ್ಲಿ ಕಂಡಳು, ನಡುವಿನ ತುಂಡು ನೆಲದಲ್ಲಿ ಸಿಕ್ಕಿತು. ತುದಿ ಸಿಗಲಿಲ್ಲ.

ಅವಳೂ ಉಳಿದ ಮೂವರೂ ಅಯಸ್ಕಾಂತ ಹಿಡಿದು ನೆಲ ಗುಡಿಸಿದರು. ಮಲ್ಲಿಗಾಳ ಪಕ್ಕದ ಬುಟ್ಟಿಯಲ್ಲಿದ್ದ ಇನ್ನೂರು ಚಿಲ್ಲರೆ ಜಬಲಾಗಳನ್ನು ಒಂದೊಂದಾಗಿ ಹೊರಳಿಸಿ ಹೊಲಿಗೆಯ ಗುಂಟ ಬೆರಳಾಡಿಸಿದರು. ನಾಲ್ಕೂವರೆಯಾಯಿತು. ಆಗ ಗೋಮತಿಯ ಫೋನ್ ಬಂತು.

"ಎಕ್ಸ್‌ರೇ ತೆಗ್ದ್ರು ಅಕ್ಕಾ. ತುದಿ ಬೆರಳೊಳಗೇ ಇದೆ, ಎಲುಬಿನ ಪಕ್ಕ. ಕುಯ್ದು ತೆಗೀಬೇಕಂತೆ."

"ಅಬ್ಬ, ಸಿಕ್ತು," ಎಂದಳು ಧರಣಿ.

ಬಟ್ಟೆ ಹೊರಳಿಸುತ್ತಿದ್ದ ಮೂವರೂ ತಲೆಯೆತ್ತಿ ಧರಣಿಯನ್ನು ನೋಡಿದರು. ತನ್ನ ಬಾಯಿಂದ ಬಂದದ್ದೇನು ಎಂದು ಧರಣಿಗೆ ಆಗ ಕೇಳಿಸಿತು. ಅವಳು ಫೋನ್ ಕೆಳಗಿಟ್ಟು, ಶೆಡ್ಡಿನ ಹಿಂದಕ್ಕೆ ಹೋಗಿ, ಹಳೆಯ ನೀರಿನ ತೊಟ್ಟಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತಳು.

ಮರುದಿನ ಬೆಳಿಗ್ಗೆ ಅವಳು ಮಲ್ಲಿಗಾಳ ಮನೆಗೆ ಹೋದಳು. ಪಲ್ಲಡಂನ ಆ ಬೀದಿಯ ತುಂಬ ಪವರ್‌ಲೂಮ್. ಎರಡು ಕಡೆಯ ಗೋಡೆಗಳಾಚೆಯಿಂದ ಮಗ್ಗಗಳು ಬಡಿಯುತ್ತಿದ್ದವು, ಒಳಗೆ ಕುಳಿತವರು ಗಟ್ಟಿಯಾಗಿ ಮಾತಾಡಬೇಕು. ಮಲ್ಲಿಗಾ ಬೆರಳಿಗೆ ದಪ್ಪ ಕಟ್ಟು ಕಟ್ಟಿಸಿಕೊಂಡು ಗೋಡೆಗೊರಗಿ ಕುಳಿತಿದ್ದಳು. ಅವಳು ಧರಣಿ ತಂದ ಹಣ್ಣನ್ನು ಪಕ್ಕಕ್ಕಿಟ್ಟು, ಟೀ ಮಾಡಲು ಮಗಳಿಗೆ ಹೇಳಿದಳು.

"ತಪ್ಪು ನಂದು," ಎಂದಳು ಧರಣಿ. "ಹಾಡಿನ ಸ್ಪೀಡು ಜಾಸ್ತಿ ಮಾಡಿದ್ದೆ. ನಿಮ್ಗೆ ಯಾರ್ಗೂ ಹೇಳ್ಲಿಲ್ಲ."

"ಗೊತ್ತು."

"ಗೊತ್ತಿತ್ತಾ?"

"ಕೈಗೆ ಗೊತ್ತಾಗಲ್ವಾ? ಕಂಪನೀಲೂ ಗೊತ್ತಾಗ್ತಿತ್ತು, ಯಾವತ್ತು ಮಾಲಿನ ಕಂಟೇನರ್ ಹೊರಡುತ್ತೆ ಅಂತ. ಹಾಡು ಕೇಳಿದ್ರೇ ಸಾಕು." ಮಲ್ಲಿಗಾಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂಗೊಂದ್ ವಿಷ್ಯ ಹೇಳ್ಲಾ? ಅಲ್ಲಿ ನಾವೆಲ್ಲ ಹಾಡು ಎಣಿಸ್ತಿದ್ವಿ. ಎರಡೂವರೆಗೆ ನೀನ್ ಶುರು ಮಾಡಿದ್ರೆ, ಏಳನೇ ಹಾಡು ಮುಗಿಯೋ ತನ್ಕ ಬಾತ್‌ರೂಮಿಗೆ ಏಳೋ ಹಂಗಿಲ್ಲ. ಎದ್ರೆ ಭೂಪತಿ ನೋಡ್ತಿದ್ದ. ನಂಗೆ ನೀರ್ ಕುಡಿಯೋದೇ ಬಿಟ್ಟೋಯ್ತು ಆ ಹೊತ್ತಲ್ಲಿ. ಈಗ್ಲೂ ಮಧ್ಯಾಹ್ನ ಬಾಯಾರಲ್ಲ."

ನಾಲ್ಕು ವರ್ಷ ಆ ಹಾಡುಗಳನ್ನು ಆಯ್ದು ಹಾಕಿದವಳು ಧರಣಿಯೇ. ಬೋರ್ಡಿನ ಮೇಲಿನ ಹನ್ನೆರಡು ಪೀಸು ಎಲ್ಲಿಂದ ಬಂದಿತ್ತು ಎನ್ನುವುದು ಅವಳಿಗೆ ಇವತ್ತು ಗೊತ್ತಾಯಿತು.

"ಯಾಕೆ ಹೇಳ್ಲಿಲ್ಲ ನಂಗೆ? ನಾನ್ ನಿನ್ ಪಕ್ಕದಲ್ಲೇ ಇದ್ನಲ್ಲ."

"ನೀನ್ ಪಕ್ಕದಲ್ಲಿ ನಿಂತಿದ್ದೆ," ಎಂದಳು ಮಲ್ಲಿಗಾ. "ನಾನ್ ಕೂತಿದ್ದೆ." ಆಮೇಲೆ, ಧರಣಿಯ ಮುಖ ನೋಡಿ, ಸ್ವಲ್ಪ ಮೆತ್ತಗೆ ಹೇಳಿದಳು: "ಹಾಡು ಬೇಡ ಅಂತಲ್ಲ. ಹಾಡಿಲ್ದೆ ಯಾರ್ ಹೊಲೀತಾರೆ? ಟೀ ಕುಡಿ, ಆರೋಗುತ್ತೆ."

ಶೆಡ್ಡಿಗೆ ಮರಳಿದ ಧರಣಿ ಸರವಣಕುಮಾರನಿಗೆ ಫೋನ್ ಮಾಡಿ, ಏನಾಯಿತು ಎಂದು ಮುಚ್ಚಿಡದೆ ಹೇಳಿದಳು. ಮೂರು ದಿನ ತಡವಾಗುತ್ತದೆ ಎಂದಳು. ಅವನು ಬಯ್ಯಲಿಲ್ಲ. ಆದರೆ "ಹಾಗಾದ್ರೆ ಮುಂದಿನ ಲಾಟ್ ಬಗ್ಗೆ ಆಮೇಲೆ ಮಾತಾಡೋಣ" ಎಂದು ಇಟ್ಟುಬಿಟ್ಟ. ಅದರ ಅರ್ಥ ಅವಳಿಗೆ ಗೊತ್ತಿತ್ತು.

ಆ ದಿನದಿಂದ ಸ್ಪೀಕರು ಸುಮ್ಮನಾಯಿತು. ಮಲ್ಲಿಗಾಳ ಮಿಷನ್ನಿನ ಮುಂದೆ ಧರಣಿಯೇ ಕುಳಿತಳು. ನಾಲ್ಕು ವರ್ಷದಿಂದ ಅವಳು ದಿನವಿಡೀ ಹೊಲಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತು, ಬೆರಳ ತುದಿ ಮರಗಟ್ಟಿತು. ಆ ಮೌನ ಎಲ್ಲರಿಗೂ ಕಷ್ಟವಾಗಿತ್ತು. ಮಿಷನ್ನುಗಳ ಸದ್ದು ಮಾತ್ರ, ಅದರ ನಡುವೆ ಯಾರೋ ಒಬ್ಬರು ಕೆಮ್ಮುವುದು. ಎರಡನೆಯ ದಿನ ಗೋಮತಿಗೂ ಇನ್ನೊಬ್ಬಳಿಗೂ ಕತ್ತರಿಯ ವಿಷಯಕ್ಕೆ ಜಗಳವಾಯಿತು.

ತಿರುಮೂರ್ತಿಯ ತಾಯಿ ಬೆಳ್ಳಿಯಮ್ಮ ದಾರದ ತುದಿ ಕತ್ತರಿಸಲು ಅಲ್ಲೇ ಬಾಗಿಲ ಬಳಿ ಕುಳಿತಿರುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಕಣ್ಣು ಇನ್ನೂ ಚುರುಕು. ಜಗಳ ಮುಗಿದ ಮೇಲೆ ಗೋಮತಿ ಅವಳನ್ನು ಕೇಳಿದಳು, "ಅವ್ವಾ, ನೀವಾದ್ರೂ ಒಂದ್ ಹಳೇ ಹಾಡು ಹೇಳಿ. ನಾಟಿ ಹಾಡೆಲ್ಲ ಬರುತ್ತಂತಲ್ಲ."

"ಬರುತ್ತೆ. ಹೇಳಲ್ಲ," ಎಂದಳು ಬೆಳ್ಳಿಯಮ್ಮ. "ಹಾಡೋದಾದ್ರೆ ನಂಗೆ ಒಂದ್ ಪಡಿ ಭತ್ತ ಜಾಸ್ತಿ ಕೊಡ್ಬೇಕು."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ತಮಾಷೆ ಅಲ್ಲ. ಅಮರಾವತಿ ಹೊಳೆ ಬಯಲಲ್ಲಿ ನಾಟಿಗೆ ಹೋಗ್ತಿದ್ವಲ್ಲ, ಹಾಡೋಳ್ಗೆ ಒಂದ್ ಪಡಿ ಜಾಸ್ತಿ. ಯಾಕೆ? ಅವ್ಳು ಬೇಗ್ ಬೇಗ್ ಹಾಡಿದ್ರೆ ಸಾಲೆಲ್ಲ ಬೇಗ್ ಬೇಗ್ ಹಿಂದಕ್ ಸರೀತಿತ್ತು. ಗದ್ದೆಯೋರಿಗೆ ಒಂದ್ ದಿನದ ಕೂಲಿ ಉಳೀತಿತ್ತು. ಹಾಡೋಳು ನಾನೇ."

ಧರಣಿ ಮಿಷನ್ನಿನ ಪೆಡಲಿನಿಂದ ಕಾಲು ತೆಗೆದಳು. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ಅತ್ತೆಯ ಈ ಸಂಗತಿ ಅವಳು ಕೇಳಿರಲಿಲ್ಲ. "ಮತ್ತೆ ನೀವು ಬೇಗ್ ಹಾಡ್ತಿದ್ರಾ ಅತ್ತೆ?"

"ಗದ್ದೆಯೋರು ಬದುವಿನ ಮೇಲೆ ನಿಂತಾಗ ಹಾಡ್ತಿದ್ದೆ. ಅವ್ರು ಹೋದ್ಮೇಲೆ ಸಾಲ್ ನೋಡ್ಕೊಂಡ್ ಹಾಡ್ತಿದ್ದೆ. ಒಂದ್ ವರ್ಷ ಬಸುರಿ ಒಬ್ಳಿದ್ಳು, ಏಳ್ ತಿಂಗ್ಳು. ಅವ್ಳ ಕಾಲು ಕೆಸರಿಂದ ಎಷ್ಟ್ ಹೊತ್ಗೆ ಎದ್ದು ಬರುತ್ತೋ ಅಷ್ಟೇ ಹೊತ್ಗೆ ನಾನೂ ಎಳೀತಿದ್ದೆ. ನನ್ ಸೊಂಟವೂ ಬಗ್ಗೇ ಇತ್ತಲ್ಲ, ನಂಗೂ ಗೊತ್ತಾಗ್ತಿತ್ತು." ಬೆಳ್ಳಿಯಮ್ಮ ಒಂದು ಜಬಲಾ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಆ ವರ್ಷ ಪಡಿ ಕೊಡ್ಲಿಲ್ಲ. ಬೇರೆಯೋಳಿಗ್ ಕೊಟ್ರು."

"ಅವ್ಳು ಬೇಗ್ ಹಾಡಿದ್ಳಾ?"

"ಹಾಡಿದ್ಳು. ನಾವ್ಯಾರೂ ಅವ್ಳ ಹಾಡಿಗೆ ನಡೀಲಿಲ್ಲ."

ಅವತ್ತು ಮಧ್ಯಾಹ್ನದ ನಂತರ ಬೆಳ್ಳಿಯಮ್ಮನೇ ಫೋನ್ ಕೇಳಿ ಪಡೆದಳು. ಎಲ್ಲರೂ ಕಾದರು. ಅವಳು ಹಾಕಿಸಿದ್ದು ತಾನು ದಿನಾ ನೋಡುವ ಟೀವಿ ಧಾರಾವಾಹಿಯ ಶೀರ್ಷಿಕೆ ಹಾಡನ್ನು, ಮೂರು ಸಲ.

ಕೆಲಸ ಮೂರು ದಿನ ತಡವಾಗಿ ಮುಗಿಯಿತು. ನಾಲ್ಕು ಸಾವಿರದಲ್ಲಿ ತಿರಸ್ಕೃತವಾದದ್ದು ಒಂಬತ್ತೇ ಪೀಸು. ಆದರೂ ಸರವಣಕುಮಾರ್ ಎರಡು ತಿಂಗಳು ಏನೂ ಕಳಿಸಲಿಲ್ಲ. ಧರಣಿ ಊರಿನ ಶಾಲೆಯ ಯೂನಿಫಾರ್ಮ್, ನೈಟಿ, ದಿಂಬಿನ ಕವರು ಎಂದು ಸಿಕ್ಕಿದ್ದನ್ನೆಲ್ಲ ಹೊಲಿದಳು. ಇಬ್ಬರು ಟೈಲರುಗಳು ಕೆಲಸ ಸಾಲದೆ ಬೇರೆ ಕಡೆ ಹೋದರು. ಅವಳು ಅವರನ್ನು ತಡೆಯಲಿಲ್ಲ. ಕೆಲವು ದಿನ ಬೆಳಿಗ್ಗೆ ತನ್ನ ಸಿನಿಮಾ ಹಾಡು ಹಾಕಲು ಕೂಡ ಮನಸ್ಸಾಗುತ್ತಿರಲಿಲ್ಲ. ಮತ್ತೆ ಕೆಲವು ದಿನ ಎರಡೆರಡು ಸಲ ಹಾಕುತ್ತಿದ್ದಳು.

ಮಲ್ಲಿಗಾ ಇಪ್ಪತ್ತನೆಯ ದಿನಕ್ಕೆ ಬಂದಳು. ಬೆರಳು ಗುಣವಾಗಿತ್ತು, ಆದರೆ ತುದಿಯಲ್ಲಿ ಸ್ಪರ್ಶ ಪೂರ್ತಿ ಮರಳಿರಲಿಲ್ಲ. ಓವರ್‌ಲಾಕಿನ ಮುಂದೆ ಕುಳಿತು ಒಂದು ಪೀಸು ಹೊಲಿದಳು, ಹೊಲಿಗೆ ಅರ್ಧ ನೂಲಿನಷ್ಟು ಆಚೆ ಹೋಯಿತು. ಅದನ್ನು ಬಿಚ್ಚಿ ಮತ್ತೆ ಹೊಲಿದಳು. ಹೀಗೆ ಒಂದು ವಾರ. ಆ ವಾರ ಹಾಡು ಆಯ್ಕೆ ಮಾಡುವ ಕೆಲಸವನ್ನು ಧರಣಿ ಅವಳಿಗೇ ಕೊಟ್ಟಳು. ಮಲ್ಲಿಗಾ ಹಾಕಿದ್ದೆಲ್ಲ ನಿಧಾನದ ಹಾಡು. ಗೋಮತಿ ಆಕಳಿಸಿದಳು. ಎಂಟನೆಯ ದಿನ ಹೊಲಿಗೆ ನೇರವಾದಾಗ ಮಲ್ಲಿಗಾ ತಾನಾಗಿ ಒಂದು ತಮಟೆ ಹಾಡು ಹಾಕಿ, ಅದು ಮುಗಿದ ಕೂಡಲೇ ಆರಿಸಿ, "ಒಂದು ಸಾಕು" ಎಂದಳು. ಅಲ್ಲಿಂದ ಅದೇ ರೂಢಿಯಾಯಿತು: ಅಂದಂದಿನ ಹಾಡು ಅಂದಂದು ಓವರ್‌ಲಾಕಿನಲ್ಲಿ ಕೂತವರದು, ಯಾಕೆಂದರೆ ಅಪಾಯ ಹೆಚ್ಚು ಅಲ್ಲೇ.

ಮೂರನೆಯ ತಿಂಗಳು ಸರವಣಕುಮಾರನ ಫೋನ್ ಬಂತು. ಬೇರೊಂದು ಯೂನಿಟ್ಟಿನವರು ಬೇಗ ಮುಗಿಸಿ ಕೊಟ್ಟ ಒಂದು ಲಾಟಿನಲ್ಲಿ ಸೂಜಿಯ ಚೂರು ಸಿಕ್ಕಿ ಇಡೀ ಲಾಟು ವಾಪಸು ಬಂದಿತ್ತಂತೆ. "ನೀನು ಅವತ್ತು ಫೋನ್ ಮಾಡಿ ಹೇಳಿದ್ದೆಯಲ್ಲ, ಅದು ನೆನಪಾಯ್ತು. ಬಂದು ನೋಡು," ಎಂದ.

ಧರಣಿ ಮಲ್ಲಿಗಾಳನ್ನೂ ಕರೆದುಕೊಂಡು ತಿರುಪ್ಪೂರಿಗೆ ಹೋದಳು. ಸರವಣಕುಮಾರನ ಆಫೀಸಿನಲ್ಲಿ ಮೇಜಿನ ಮೇಲೆ ಒಂದು ಕೂಸಿನ ಅಂಗಿ ಇತ್ತು, ಹೆಗಲಲ್ಲಿ ಬಟನ್ನು, ಅಂಚಿಗೆ ಎರಡು ಬಣ್ಣದ ಪಟ್ಟಿ. "ಮೂರು ಸಾವಿರ. ಹತ್ತು ದಿನ," ಎಂದ ಅವನು ಧರಣಿಯನ್ನು ನೋಡಿ.

ಧರಣಿ ಅಂಗಿಯನ್ನು ಮಲ್ಲಿಗಾಳ ಕಡೆ ತಳ್ಳಿದಳು. "ಅವ್ರನ್ನ ಕೇಳಿ ಅಣ್ಣಾ. ದಿನ ಹೇಳೋದು ಅವ್ರು."

ಸರವಣಕುಮಾರನಿಗೆ ಇದು ಹೊಸದು. ಮಲ್ಲಿಗಾಳಿಗೂ ಹೊಸದೇ, ಬಸ್ಸಿನಲ್ಲಿ ಬರುವಾಗ ಧರಣಿ ಏನೂ ಹೇಳಿರಲಿಲ್ಲ. ಅವಳು ಅಂಗಿಯನ್ನು ಒಳಹೊರಗು ಮಾಡಿ, ಪಟ್ಟಿ ಕೂಡುವ ಜಾಗವನ್ನು ಬಲಗೈ ಬೆರಳಿಂದ ಸವರಿ, ಒಂದೆರಡು ನಿಮಿಷ ತುಟಿಯಾಡಿಸುತ್ತ ಲೆಕ್ಕ ಹಾಕಿದಳು.

"ಹದಿನಾಲ್ಕು," ಎಂದಳು ತಮಿಳಿನಲ್ಲಿ.

"ಹನ್ನೆರಡು ಮಾಡಿಕೊಳ್ಳಮ್ಮಾ."

"ಈ ಎರಡ್ ಬಣ್ಣದ ಪಟ್ಟಿ ತೆಗೀರಿ, ಹನ್ನೆರಡು ಮಾಡ್ತೀನಿ."

ಅವನು ಧರಣಿಯ ಮುಖ ನೋಡಿದ. ಧರಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿನಾಲ್ಕು ಎಂದರೆ ಕೆಲಸ ತಪ್ಪಬಹುದು, ತಪ್ಪಿದರೆ ಇನ್ನೂ ಒಬ್ಬ ಟೈಲರನ್ನು ಕೆಲಸದಿಂದ ಬಿಡಿಸಬೇಕಾಗುತ್ತದೆ. ಆದರೂ ಅವಳು ಮಲ್ಲಿಗಾಳ ಕಡೆಗೇ ಕೈ ತೋರಿಸಿದಳು. ಸರವಣಕುಮಾರ್ ಒಳಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ಮಾತಾಡಿದ. ಬಾಗಿಲ ಹಿಂದಿನಿಂದ ಅವನ ದನಿ ಏರುವುದೂ ಇಳಿಯುವುದೂ ಕೇಳುತ್ತಿತ್ತು. ಹತ್ತು ನಿಮಿಷ ಬಿಟ್ಟು ಹೊರಬಂದು, "ಹದಿಮೂರು. ಅದಕ್ಕಿಂತ ನನ್ನ ಕೈಯಲ್ಲಾಗಲ್ಲ," ಎಂದ.

ಮಲ್ಲಿಗಾ ಧರಣಿಯ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು, "ಬೆಳ್ಳಿಯವ್ವ ಬಟನ್ನಿಗೆ ಕೂರ್ತಾರಾ?"

"ಕೂರ್ತಾರೆ. ಪಡಿ ಕೇಳ್ತಾರೆ."

"ಕೊಡೋಣ," ಎಂದು ಮಲ್ಲಿಗಾ ಸರವಣಕುಮಾರನ ಕಡೆ ತಿರುಗಿ ತಲೆಯಾಡಿಸಿದಳು. ಅವನು ಸ್ಯಾಂಪಲ್ ಅಂಗಿಯನ್ನು ಕವರಿಗೆ ಹಾಕಿ ಅವಳ ಕೈಗೇ ಕೊಟ್ಟ. ಇಬ್ಬರೂ ಮೆಟ್ಟಿಲಿಳಿದು ಬಿಸಿಲಿಗೆ ಬಂದರು. ಊಟದ ಹೊತ್ತು ಮೀರಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಸ್ಸಿನಲ್ಲಿ ಅನ್ನ ಮುಗಿದು ಪರೋಟ ಮಾತ್ರ ಉಳಿದಿತ್ತು. ಮಲ್ಲಿಗಾ ಎರಡು ಲೋಟ ನೀರು ಕುಡಿದು, ಮೂರನೆಯದಕ್ಕೆ ಜಗ್ಗು ಎಳೆದುಕೊಂಡಳು.